ಬಡಿತದ ಮಾತ್ರೆ, ಬಡಿತದ ತೊಂದರೆ: ಅಮಿಯೋಡರೋನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎದೆಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್ ಮಾತ್ರೆ ತೆಗೆದುಕೊಳ್ಳುವವರು ಮತ್ತು ಅವರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಈ ಔಷಧಿ ಶ್ವಾಸಕೋಶ, ಯಕೃತ್ತು, ಕಣ್ಣು, ಚರ್ಮ ಎಲ್ಲಕ್ಕೂ ತೊಂದರೆ ಕೊಡಬಲ್ಲದು. ಆದರೆ ಇಲ್ಲಿ ತೆಗೆದುಕೊಂಡಿರುವುದು ಹೃದಯದ ಬಡಿತಕ್ಕೆ ಸಂಬಂಧಿಸಿದ್ದನ್ನಷ್ಟೇ. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಾಗಲಿ, ಹೆಚ್ಚು ಕಡಿಮೆ ಮಾಡುವುದಾಗಲಿ ಬೇಡ. ಬರೆದುಕೊಟ್ಟ ವೈದ್ಯರ ಬಳಿ ಏನು ಕೇಳಬೇಕೆಂದು ತಿಳಿದರೆ ಸಾಕು.

## ಮೊದಲ ಪ್ರಶ್ನೆಗಳು

ಎದೆಬಡಿತ ಏರುಪೇರು ಅಂತ ಡಾಕ್ಟ್ರು ಈ ಮಾತ್ರೆ ಬರ್ಕೊಟ್ರು. ಪೆಟ್ಟಿಗೆಯೊಳಗಿನ ಚೀಟಿ ಓದಿದ್ರೆ "ಬಡಿತ ಏರುಪೇರಾಗಬಹುದು" ಅಂತಲೇ ಇದೆ. ಇದೇನು ತಮಾಷೆನಾ?

ತಮಾಷೆಯಲ್ಲ, ಎರಡೂ ನಿಜ. ಹೃದಯದ ಪ್ರತಿ ಬಡಿತವೂ ಒಂದು ವಿದ್ಯುತ್ ಸಂಕೇತದಿಂದ ಶುರುವಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಣಗಳು ಜೀವಕೋಶದ ಒಳಗೂ ಹೊರಗೂ ಹರಿದಾಗ ಆ ಸಂಕೇತ ಹುಟ್ಟುತ್ತದೆ. ಅಮಿಯೋಡರೋನ್ ಈ ಮೂರೂ ಹರಿವುಗಳನ್ನು ಅಷ್ಟಿಷ್ಟು ತಡೆಯುತ್ತದೆ. ಜೊತೆಗೆ ಅಡ್ರಿನಲಿನ್ ಹೃದಯಕ್ಕೆ ಕೊಡುವ ಚುರುಕನ್ನೂ ತಗ್ಗಿಸುತ್ತದೆ. ತಪ್ಪು ಜಾಗದಲ್ಲಿ ಹುಟ್ಟುವ, ತಪ್ಪು ದಾರಿಯಲ್ಲಿ ಸುತ್ತುವ ಸಂಕೇತಗಳು ಇದರಿಂದ ಅಡಗುತ್ತವೆ, ಅದೇ ಚಿಕಿತ್ಸೆ. ಆದರೆ ಔಷಧಿಗೆ ಕೆಟ್ಟ ಸಂಕೇತ ಯಾವುದು, ಒಳ್ಳೆಯದು ಯಾವುದು ಎಂದು ತಿಳಿಯುವುದಿಲ್ಲ. ಸರಿಯಾದ ಸಂಕೇತವೂ ನಿಧಾನವಾದರೆ ನಾಡಿ ಇಳಿಯುತ್ತದೆ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯ ಅತಿಯಾಗಿ ಉದ್ದವಾದರೆ, ಅಪರೂಪಕ್ಕೆ, ಹೊಸದೊಂದು ಅಪಾಯಕಾರಿ ಲಯ ಹುಟ್ಟಬಹುದು. ಅಡ್ಡಪರಿಣಾಮ ಇಲ್ಲಿ ಬೇರೆಲ್ಲಿಂದಲೋ ಬರುವುದಿಲ್ಲ, ಗುಣಪಡಿಸುವ ಕೆಲಸವೇ ಒಂದು ಹೆಜ್ಜೆ ಮುಂದೆ ಹೋದಾಗ ಆಗುವುದು.

ಎಷ್ಟು ಜನಕ್ಕೆ ಹೀಗಾಗುತ್ತೆ?

ಅಮೆರಿಕದ ಅಧಿಕೃತ ಔಷಧ ಮಾಹಿತಿ ಪತ್ರದ ಪ್ರಕಾರ, ತೊಂದರೆ ಕೊಡುವಷ್ಟು ನಾಡಿ ನಿಧಾನವಾಗುವುದು ಶೇ. 2ರಿಂದ 4 ಜನರಲ್ಲಿ. ಇದ್ದ ಏರುಪೇರು ಹೆಚ್ಚಾಗುವುದು ಸುಮಾರು ಶೇ. 2ರಿಂದ 5 ಜನರಲ್ಲಿ. ಎಲ್ಲರೂ ಹೆದರುವ ಟಾರ್ಸಾಡ್ಸ್ ಎಂಬ ವೇಗದ ಲಯ ಶೇ. 1ಕ್ಕಿಂತ ಕಡಿಮೆ. ಅಂದರೆ ಚೀಟಿಯಲ್ಲಿ ಎಲ್ಲವೂ ಒಂದೇ ಅಕ್ಷರದಲ್ಲಿ ಅಚ್ಚಾಗಿದ್ದರೂ ಎಲ್ಲದರ ತೂಕ ಒಂದೇ ಅಲ್ಲ. ಮನೆಯವರು ದಿನನಿತ್ಯ ಗಮನಿಸಬೇಕಾದದ್ದು ನಾಡಿ ನಿಧಾನವಾಗುವುದನ್ನು.

ನನ್ನ ಪಲ್ಸ್ 54 ಇದೆ. ಮೊದಲು 80 ಇರ್ತಿತ್ತು. ಗಾಬರಿ ಆಗಬೇಕಾ?

ಆರಾಮಾಗಿ ಓಡಾಡಿಕೊಂಡಿದ್ದರೆ, ತಲೆಸುತ್ತು, ಆಯಾಸ, ಉಸಿರುಗಟ್ಟುವಿಕೆ ಇಲ್ಲದಿದ್ದರೆ 54 ಗಾಬರಿಯ ಸಂಖ್ಯೆಯಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೂತಾಗ 50ರಿಂದ 60ರ ನಡುವೆ ನಾಡಿ ಇರುವುದು ಸಾಮಾನ್ಯ. ನಿದ್ದೆಯಲ್ಲಿ ಇನ್ನೂ ಇಳಿಯುತ್ತದೆ. ಎಚ್ಚರವಿರುವಾಗ ಮತ್ತೆ ಮತ್ತೆ 50ಕ್ಕಿಂತ ಕೆಳಗೆ ಕಂಡರೆ ಒಂದೆರಡು ದಿನದೊಳಗೆ ವೈದ್ಯರಿಗೆ ಹೇಳಿ ಇಸಿಜಿ ಮಾಡಿಸಿ. 40ರ ಆಸುಪಾಸಿಗೆ ಇಳಿದರೆ, ಅಥವಾ ಎಷ್ಟೇ ಇದ್ದರೂ ಕಣ್ಣು ಕತ್ತಲೆ ಬಂದರೆ, ಅಂದೇ ಹೋಗಿ.

ಸಂಖ್ಯೆಗಿಂತ ಬದಲಾವಣೆಗೆ ಹೆಚ್ಚು ಬೆಲೆ ಕೊಡಿ. ಹಿಂದಿನ ತಿಂಗಳು ಮೆಟ್ಟಿಲು ಹತ್ತುತ್ತಿದ್ದವರು ಈ ತಿಂಗಳು ಅರ್ಧಕ್ಕೆ ಕೂರುತ್ತಿದ್ದಾರೆ ಎಂದರೆ, "ವಯಸ್ಸಾಯ್ತಲ್ಲ" ಎಂದು ಬಿಡುವ ಮುಂಚೆ ನಾಡಿ ಹಿಡಿದು ನೋಡಿ.

ಮನೇಲಿ ನಾಡಿ ನೋಡೋದು ಹೇಗೆ? ಬಿಪಿ ಮೆಷಿನ್ ತೋರಿಸೋ ಪಲ್ಸ್ ನಂಬಬಹುದಾ?

ಬಡಿತ ಕ್ರಮವಾಗಿದ್ದಾಗ ನಂಬಬಹುದು. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಕ್ರಮತಪ್ಪಿ ಕಂಪಿಸುವುದು) ಇದ್ದವರಲ್ಲಿ ಬಿಪಿ ಮೆಷಿನ್ನೂ, ಬೆರಳಿಗೆ ಹಾಕುವ ಆಕ್ಸಿಮೀಟರ್ರೂ ದುರ್ಬಲ ಬಡಿತಗಳನ್ನು ಬಿಟ್ಟು ಎಣಿಸಿ ಕಡಿಮೆ ತೋರಿಸಬಹುದು. ಹಾಗಾಗಿ ಕೈಯಿಂದ ಎಣಿಸುವುದನ್ನು ಕಲಿಯಿರಿ. ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರಾ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಏರುಪೇರಿನ ನಾಡಿಗೆ ಹೊಂದುವುದಿಲ್ಲ. ಶುರುವಿನ ಕೆಲವು ವಾರ ದಿನಕ್ಕೊಮ್ಮೆ ಕ್ಯಾಲೆಂಡರಿನಲ್ಲೇ ಬರೆದಿಟ್ಟರೂ ಸಾಕು. ವೈದ್ಯರಿಗೆ ಆ ಹಾಳೆಯಿಂದ ಆಗುವ ಉಪಯೋಗ ದೊಡ್ಡದು.

ಯಾವಾಗ ಬೆಳಗಾಗಲಿ ಅಂತ ಕಾಯಬಾರದು?

ಪ್ರಜ್ಞೆ ತಪ್ಪಿ ಬಿದ್ದರೆ, ತಾನಾಗಿ ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಕಾಯಬಾರದು. ಬೀಳುವಷ್ಟು ತಲೆಸುತ್ತು, ನಿಲ್ಲದ ಎದೆಬಡಿತ, ಎದೆನೋವು, ಕೂತಲ್ಲೇ ಏದುಸಿರು, ಬೆವರಿ ತಣ್ಣಗಾಗುವುದು, ಇವೂ ಹಾಗೆಯೇ. 108ಕ್ಕೆ ಫೋನ್ ಮಾಡಿ. ದೊಡ್ಡ ಊರಿನ ಆಸ್ಪತ್ರೆಗೇ ಹೋಗಬೇಕೆಂದು ದಾರಿಯಲ್ಲಿ ಎರಡು ಗಂಟೆ ಕಳೆಯುವ ಬದಲು ಹತ್ತಿರದಲ್ಲಿ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಮೊದಲು ಹೋಗಿ. ತೊಂದರೆ ನಡೆಯುತ್ತಿರುವಾಗಲೇ ತೆಗೆದ ಒಂದು ಇಸಿಜಿ, ಎಲ್ಲ ಸರಿಹೋದ ಮೇಲೆ ತೆಗೆದ ಹತ್ತಕ್ಕಿಂತ ಹೆಚ್ಚು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ ಏರ್ಪಾಡಿದೆ. ಅದು ಹೃದಯಾಘಾತಕ್ಕೆಂದು ಮಾಡಿದ್ದಾದರೂ, ಇಸಿಜಿ ಪಟ್ಟಿ ನಿಮ್ಮ ಬಡಿತವನ್ನೂ ಬರೆದುಕೊಳ್ಳುತ್ತದೆ.

## ಮಾತ್ರೆಯ ಅಳತೆ, ನಿಲ್ಲಿಸುವುದು, ಮರೆಯುವುದು

ಮೊದಲ ವಾರ ದಿನಕ್ಕೆ ಮೂರು, ಎರಡನೇ ವಾರ ಎರಡು, ಆಮೇಲೆ ಒಂದು ಅಂದಿದ್ರು. ಯಾಕೆ ಹೀಗೆ?

ಅಮಿಯೋಡರೋನ್ ಕೊಬ್ಬಿನಲ್ಲಿ ಕರಗುವ ಔಷಧಿ. ನುಂಗಿದ್ದು ರಕ್ತದಲ್ಲಿ ಉಳಿಯದೆ ಕೊಬ್ಬು, ಯಕೃತ್ತು, ಶ್ವಾಸಕೋಶ, ಸ್ನಾಯುಗಳಲ್ಲಿ ಹೋಗಿ ಕೂರುತ್ತದೆ. ಬತ್ತಿದ ಕೆರೆ ತುಂಬುವ ತನಕ ತೂಬಿನಲ್ಲಿ ನೀರು ಬಾರದು. ಅದಕ್ಕೇ ಮೊದಲು ಹೆಚ್ಚು ಕೊಟ್ಟು ತುಂಬಿಸಿ, ಆಮೇಲೆ ದಿನದ ಖರ್ಚಿನಷ್ಟು ಮಾತ್ರ ಕೊಡುತ್ತಾರೆ. 200 ಮಿ.ಗ್ರಾಂ. ಮಾತ್ರೆ ವಾರ ಮೂರು ಹೊತ್ತು, ಮತ್ತೊಂದು ವಾರ ಎರಡು ಹೊತ್ತು, ನಂತರ ಒಂದು ಎಂಬುದು ಒಂದು ಸಾಮಾನ್ಯ ಕ್ರಮ. ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯದ ಬಡಿತಕ್ಕೆ ಆಸ್ಪತ್ರೆಯಲ್ಲಿಟ್ಟು ಇದಕ್ಕಿಂತ ಬಹಳ ಹೆಚ್ಚೂ ಕೊಡುವುದುಂಟು.

ಇಲ್ಲೊಂದು ಅನಾಹುತ ನಡೆಯುತ್ತಿರುತ್ತದೆ. ಆಸ್ಪತ್ರೆಯಿಂದ ಬಂದಾಗಿನ ಚೀಟಿಯಲ್ಲಿ "ದಿನಕ್ಕೆ ಮೂರು" ಎಂದಿರುತ್ತದೆ. ಮತ್ತೆ ತೋರಿಸಲು ಹೋಗುವುದು ತಡವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಅದೇ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಮೂರು ಮಾತ್ರೆ ನುಂಗುತ್ತಾರೆ. ಆಮೇಲೆ ನಾಡಿ 38 ಎಂದು ಬರುತ್ತಾರೆ. ಎಷ್ಟನೇ ತಾರೀಖಿನಿಂದ ಎಷ್ಟು ಮಾತ್ರೆ ಎಂದು ವೈದ್ಯರಿಂದಲೇ ಚೀಟಿಯ ಮೇಲೆ ತಾರೀಖು ಹಾಕಿಸಿಕೊಳ್ಳಿ. "ಇದು ಎಷ್ಟು ದಿನ?" ಎಂಬ ಒಂದು ಪ್ರಶ್ನೆಯನ್ನು ಕೇಳದೆ ಕೊಠಡಿಯಿಂದ ಏಳಬೇಡಿ.

ನಾಡಿ ನಿಧಾನ ಅಂತ ಡಾಕ್ಟ್ರೇ ನಿಲ್ಸಿದ್ರು. ಹತ್ತು ದಿನ ಆಯ್ತು, ಇನ್ನೂ ಏರಿಲ್ಲ. ಬೇರೆ ಏನಾದ್ರೂ ಕಾಯಿಲೆ ಇದೆಯಾ?

ಇರಬೇಕೆಂದಿಲ್ಲ. ದೇಹದಲ್ಲಿ ಕೂಡಿಟ್ಟ ಅಮಿಯೋಡರೋನ್ ಅರ್ಧಕ್ಕಿಳಿಯಲು ಸರಾಸರಿ 58 ದಿನ ಬೇಕು. ಕೆಲವರಲ್ಲಿ 15 ದಿನ, ಕೆಲವರಲ್ಲಿ 142 ದಿನದವರೆಗೂ ಹಿಡಿದಿದೆ. ಹತ್ತು ದಿನದಲ್ಲಿ ಪರಿಣಾಮ ಹೋಗುವುದನ್ನು ನಿರೀಕ್ಷಿಸಲಾಗದು. ಈ ನಡುವೆ ನಾಡಿ ತೀರಾ ಕಡಿಮೆಯಿದ್ದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಗತ್ಯಬಿದ್ದರೆ ತಾತ್ಕಾಲಿಕ ಪೇಸ್‌ಮೇಕರ್ ಹಾಕುತ್ತಾರೆ. ಡಯಾಲಿಸಿಸ್‌ನಿಂದ ಈ ಔಷಧಿಯನ್ನು ತೊಳೆದು ತೆಗೆಯಲಾಗುವುದಿಲ್ಲ.

ಮಾತ್ರೆ ನಿಲ್ಲಿಸಿದ್ದೇವಲ್ಲ ಎಂದು ಮುಂದಿನ ತಿಂಗಳು ಬೇರೆ ವೈದ್ಯರಲ್ಲಿ ಹೇಳದೆ ಇರುವುದೂ ತಪ್ಪು. ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದು ನಿಮ್ಮೊಳಗೇ ಇದೆ, ಹೊಸ ಔಷಧಿಗಳ ಜೊತೆ ತಕರಾರು ಮಾಡುವ ಶಕ್ತಿಯೊಂದಿಗೆ.

ಒಂದು ದಿನ ಮರೆತೆ. ಮರುದಿನ ಎರಡು ತಗೊಳ್ಳಲಾ?

ಬೇಡ. ನೆನಪಾದಾಗಿನಿಂದ ಎಂದಿನಂತೆ ಒಂದೇ. ಒಂದು ದಿನ ತಪ್ಪಿದರೆ ದೇಹದ ದಾಸ್ತಾನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಹಾಗೆಂದು ತಿಂಗಳುಗಟ್ಟಲೆ ಬಿಟ್ಟರೆ ಹಳೆಯ ಲಯದ ತೊಂದರೆ ಯಾವ ದಿನ ಮರಳುತ್ತದೆಂದು ಹೇಳಲಾಗದು.

## ಬೇರೆ ಔಷಧಿ, ಊಟ, ಹಣ್ಣು

ನಮ್ಮ ಅಪ್ಪಾರಿಗೆ ಬಿಪಿಗೆ ಮೆಟೊಪ್ರೊಲಾಲ್ ಐತ್ರಿ, ಡಿಜಾಕ್ಸಿನ್ನೂ ಐತ್ರಿ. ಈಗ ಇದನ್ನೂ ಕೊಟ್ಟಾರ. ಮೂರೂ ಕೂಡಿ ತಗೊಂಡ್ರ ನಡೀತೈತೇನ್ರಿ?

ನಡೀತೈತ್ರಿ, ಆದ್ರ ಲೆಕ್ಕ ಹಾಕಿ ಕೊಟ್ಟಿರಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ತಾವೇ ನಾಡಿ ಇಳಿಸುತ್ತವೆ. ಅಮಿಯೋಡರೋನ್ ಜೊತೆಯಾದಾಗ ಇಳಿತ ಕೂಡುತ್ತದೆ. ಆದರೂ ಹೃದಯ ವೈದ್ಯರು ಬೇಕೆಂದೇ ಇವೆರಡನ್ನು ಜೊತೆಗೆ ಕೊಡುವುದುಂಟು. ಅಳತೆ ಕಡಿಮೆ ಮಾಡಿ, ನಾಡಿ ನೋಡುತ್ತ. ಡಿಲ್ಟಿಯಾಜೆಮ್, ವೆರಾಪಮಿಲ್ ಜೊತೆ ಇನ್ನೂ ಹೆಚ್ಚು ಎಚ್ಚರ ಬೇಕು.

ಡಿಜಾಕ್ಸಿನ್ ಕಥೆ ಬೇರೆ. ದೇಹದಿಂದ ಡಿಜಾಕ್ಸಿನ್ ಹೊರಹೋಗುವ ದಾರಿಯನ್ನು ಅಮಿಯೋಡರೋನ್ ತಡೆಯುವುದರಿಂದ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅದಕ್ಕೇ ಡಿಜಾಕ್ಸಿನ್ ಅಳತೆಯನ್ನು ಸಾಮಾನ್ಯವಾಗಿ ಅರ್ಧಕ್ಕಿಳಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಅಪ್ಪಾರಿಗೆ ಊಟ ಸೇರುತ್ತಿಲ್ಲ, ವಾಕರಿಕೆ ಬರುತ್ತಿದೆ, ಕಣ್ಣಿಗೆ ಎಲ್ಲ ಹಳದಿ ಕಾಣುತ್ತಿದೆ, ನಾಡಿ ಕುಸಿದಿದೆ ಎಂದರೆ ಅದು ಡಿಜಾಕ್ಸಿನ್ ವಿಷವಾಗುತ್ತಿರುವ ಗುರುತು. ಹಳೆಯ ಡಿಜಾಕ್ಸಿನ್ ಅಳತೆ ಬದಲಾಗಿದೆಯೇ ಎಂದು ಇವತ್ತೇ ಕೇಳಿ.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಇದ್ದರೆ ಅದರ ಶಕ್ತಿಯೂ ಏರುತ್ತದೆ. ಇದು ಬಡಿತದ ವಿಷಯವಲ್ಲ, ರಕ್ತಸ್ರಾವದ್ದು. ಆದರೂ ಹೇಳದೆ ಬಿಡುವಂತಿಲ್ಲ: ವಾರ್ಫರಿನ್ ಅಳತೆಯನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸಬೇಕಾಗುತ್ತದೆ, ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ನೋಡುವುದು) ಮೊದಲ ವಾರಗಳಲ್ಲಿ ಪದೇ ಪದೇ ಮಾಡಿಸಬೇಕು.

ಹೆಪಟೈಟಿಸ್ ಸಿ ಕಾಯಿಲೆಗೆ ಸೊಫೊಸ್ಬುವಿರ್ ಇರುವ ಚಿಕಿತ್ಸೆಯನ್ನು ಅಮಿಯೋಡರೋನ್ ಜೊತೆ ತೆಗೆದುಕೊಂಡವರಲ್ಲಿ ನಾಡಿ ಜೀವಕ್ಕೇ ಕುತ್ತಾಗುವಷ್ಟು ಕುಸಿದ ಪ್ರಕರಣಗಳಿವೆ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಜ್ವರ, ಕೆಮ್ಮು, ಗ್ಯಾಸ್ಟ್ರಿಕ್ ಅಂತ ಊರಿನ ಕ್ಲಿನಿಕ್ಕಿಗೆ ಹೋದ್ರೆ ಹೃದಯದ ಮಾತ್ರೆ ವಿಷಯ ಹೇಳ್ಲೇಬೇಕಾ?

ಹೇಳಲೇಬೇಕು, ಖಾಲಿ ಸ್ಟ್ರಿಪ್ ತೋರಿಸಿದರೆ ಇನ್ನೂ ಒಳ್ಳೆಯದು. ಇಸಿಜಿಯಲ್ಲಿ ಕ್ಯುಟಿ ಎಂಬ ಒಂದು ಅಂತರವಿದೆ. ಬಡಿದ ಕೆಳಕೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗುವವರೆಗಿನ ಸಮಯ ಅದು. ಅಮಿಯೋಡರೋನ್ ಅದನ್ನು ಉದ್ದ ಮಾಡುತ್ತದೆ. ದಿನಬಳಕೆಯ ಬೇರೆ ಎಷ್ಟೋ ಔಷಧಿಗಳೂ ಅದನ್ನೇ ಮಾಡುತ್ತವೆ. ಕೆಮ್ಮು ಜ್ವರಕ್ಕೆ ಮೂರು ದಿನ ಕೊಡುವ ಅಜಿತ್ರೊಮೈಸಿನ್, ಲಿವೊಫ್ಲಾಕ್ಸಸಿನ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್, ವಾಂತಿಗೆ ಕೊಡುವ ಒಂಡನ್ಸೆಟ್ರಾನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಎಲ್ಲವೂ ಈ ಪಟ್ಟಿಯಲ್ಲಿವೆ.

ನಮ್ಮಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್. ಪ್ಯಾಂಟೊಪ್ರಜೋಲ್ ಅಥವಾ ರಬೆಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲನ್ನು ಜನ ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ಬೆಳಗಿನ ಕಾಫಿಗೆ ಮುಂಚೆ ನುಂಗುತ್ತಾರೆ. ಅದು ಔಷಧಿ ಎಂಬ ಭಾವನೆಯೇ ಇಲ್ಲ, ಹಾಗಾಗಿ ಕೇಳಿದರೂ ಹೇಳುವುದಿಲ್ಲ. ಅದರಲ್ಲಿನ ಡೊಂಪೆರಿಡೋನ್ ಕ್ಯುಟಿಯನ್ನು ಉದ್ದ ಮಾಡುತ್ತದೆ. ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗಿದಾಗ ಕೆಲವರಲ್ಲಿ ಮೆಗ್ನೀಸಿಯಂ ಕಡಿಮೆಯಾಗುತ್ತದೆ, ಅದೂ ಅದೇ ದಿಕ್ಕಿಗೆ ತಳ್ಳುತ್ತದೆ. ಅಮಿಯೋಡರೋನ್ ಒಂದರಿಂದಲೇ ಟಾರ್ಸಾಡ್ಸ್ ಆಗುವುದು ಅಪರೂಪ ಎಂದೆವಲ್ಲ, ಆದಾಗ ಹೆಚ್ಚಿನ ಸಲ ಪಕ್ಕದಲ್ಲಿ ಇಂಥದ್ದೇನೋ ಇರುತ್ತದೆ. ಅಜೀರ್ಣಕ್ಕೆ ಮಾತ್ರೆ ಬೇಕೇಬೇಕೆಂದರೆ ಡೊಂಪೆರಿಡೋನ್ ಇಲ್ಲದ್ದನ್ನು ಕೊಡಿ ಎಂದು ಕೇಳಬಹುದು.

ಎರಡು ದಿನದಿಂದ ಭೇದಿ. ಬಡಿತದ ಮಾತ್ರೆ ಮುಂದುವರಿಸಲಾ? ಎಳನೀರು ಕುಡೀಬಹುದಾ?

ಭೇದಿ, ವಾಂತಿಯಲ್ಲಿ ನೀರಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಹೊರಹೋಗುತ್ತವೆ. ಇವು ಕಡಿಮೆಯಾದಾಗಲೇ ಅಮಿಯೋಡರೋನ್ ತಂದೊಡ್ಡುವ ವೇಗದ ಲಯಗಳ ಅಪಾಯ ಹೆಚ್ಚು. ಕಾಲು ಊದಿದ್ದಕ್ಕೆ ಫ್ಯೂರೊಸಮೈಡ್‌ನಂಥ ಮೂತ್ರದ ಮಾತ್ರೆಯೂ ನಡೆಯುತ್ತಿದ್ದರೆ ಇನ್ನೂ ಬೇಗ ಕಡಿಮೆಯಾಗುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಕ್ಕಿಂತ ಅಂದೇ ವೈದ್ಯರಿಗೆ ಫೋನ್ ಮಾಡಿ, ರಕ್ತದ ಪೊಟ್ಯಾಸಿಯಂ ನೋಡಿಸುವುದು ಮುಖ್ಯ. ಓಆರ್‌ಎಸ್ ಕುಡಿಯಿರಿ.

ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಮೂತ್ರಪಿಂಡ ಸರಿಯಿದ್ದವರಿಗೆ ಒಂದು ಎಳನೀರು ಒಳ್ಳೆಯದೇ. ಆದರೆ ಸ್ಪೈರೊನೊಲ್ಯಾಕ್ಟೋನ್, ಅಥವಾ "ಪ್ರಿಲ್" ಎಂದು ಕೊನೆಯಾಗುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೂತ್ರಪಿಂಡದ ಕಾಯಿಲೆಯವರಲ್ಲಿ ಪೊಟ್ಯಾಸಿಯಂ ಏರುವ ಸಮಸ್ಯೆ ಇರುತ್ತದೆ. ಪೊಟ್ಯಾಸಿಯಂ ಏರಿದರೂ ಬಡಿತ ನಿಧಾನವಾಗಿ ನಿಲ್ಲುವ ತನಕ ಹೋಗಬಹುದು. ಇವರು ಕೇಳದೆ ದಿನಕ್ಕೆರಡು ಎಳನೀರು ಕುಡಿಯುವುದು ಬೇಡ.

ಅಮೆರಿಕದಲ್ಲಿ ಮಗಳ ಮನೆಗೆ ಬಂದಿದ್ದೇವೆ. ಇಲ್ಲಿನ ಫಾರ್ಮಸಿಯವರು ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂದ್ರು. ನಮ್ಮ ಊರಲ್ಲಿ ಅದು ಸಿಗೋದೇ ಇಲ್ವಲ್ಲ?

ಅದರ ಹತ್ತಿರದ ನೆಂಟ ಸಿಗುತ್ತದೆ: ಚಕ್ಕೋತ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಗ್ರೇಪ್‌ಫ್ರೂಟ್ ರಸದಲ್ಲಿನ ಕೆಲವು ಅಂಶಗಳು ಕರುಳಿನಲ್ಲಿ ಅಮಿಯೋಡರೋನನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ, ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಆ ಅಂಶಗಳು ಚಕ್ಕೋತದಲ್ಲೂ ಇವೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಿದ್ದರೂ ಈ ಮಾತ್ರೆ ನಡೆಯುವಷ್ಟು ಕಾಲ ಬಿಡುವುದು ಲೇಸು. ಮೂಸಂಬಿ, ಕಿತ್ತಳೆ, ನಿಂಬೆಯನ್ನು ಸಾಮಾನ್ಯವಾಗಿ ಈ ಎಚ್ಚರಿಕೆಯ ಪಟ್ಟಿಗೆ ಸೇರಿಸುವುದಿಲ್ಲ.

ಈ ಮಾತ್ರೆಯಲ್ಲಿ ಅಯೋಡಿನ್ ಇದೆಯಂತೆ. ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪು ಬಳಸಲಾ?

ಉಪಯೋಗವಿಲ್ಲ. 200 ಮಿ.ಗ್ರಾಂ. ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ. ಅಯೋಡಿನ್ ಇದೆ, ಅದರಿಂದ ದಿನಕ್ಕೆ ಸುಮಾರು 6 ಮಿ.ಗ್ರಾಂ. ದೇಹಕ್ಕೆ ಬಿಡುಗಡೆಯಾಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೊಗ್ರಾಂ, ಅಂದರೆ ಅದರ 40ನೇ ಒಂದು ಭಾಗ. ಉಪ್ಪಿನಿಂದ ಬರುವುದನ್ನು ಕಳೆದರೆ ಈ ಲೆಕ್ಕದಲ್ಲಿ ಏನೂ ಬದಲಾಗದು, ಮನೆಯ ಮಕ್ಕಳಿಗೂ ಬಸುರಿಯರಿಗೂ ಬೇಕಾದ ಅಯೋಡಿನ್ ಮಾತ್ರ ತಪ್ಪುತ್ತದೆ.

ಆರು ತಿಂಗಳು ಬಡಿತ ಚೆನ್ನಾಗಿತ್ತು. ಈಗ ಮತ್ತೆ ಓಡ್ತಿದೆ, ತೂಕ ಬೇರೆ ಇಳಿದಿದೆ. ಮಾತ್ರೆ ಕೆಲಸ ಮಾಡೋದು ನಿಲ್ಸಿತಾ?

ಮಾತ್ರೆಯ ಅಳತೆ ಏರಿಸುವ ಮುಂಚೆ ಥೈರಾಯ್ಡ್ ಪರೀಕ್ಷೆ ಆಗಬೇಕು. ಇಷ್ಟೊಂದು ಅಯೋಡಿನ್ ಸಿಕ್ಕಾಗ ಕೆಲವರ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತದೆ. ಇನ್ನು ಕೆಲವರಲ್ಲಿ ಔಷಧಿಯೇ ಗ್ರಂಥಿಯನ್ನು ಗಾಯಗೊಳಿಸಿ, ಕೂಡಿಟ್ಟ ಹಾರ್ಮೋನು ಒಮ್ಮೆಲೇ ಹೊರಬೀಳುತ್ತದೆ. ಎರಡರಲ್ಲೂ ಅಡಗಿದ್ದ ಏಟ್ರಿಯಲ್ ಫಿಬ್ರಿಲೇಷನ್ ಮರಳಬಹುದು. ಸೆಖೆ ತಡೆಯದಿರುವುದು, ಕೈ ನಡುಕ, ಊಟ ಮಾಡಿದರೂ ತೂಕ ಇಳಿಯುವುದು ಸಾಮಾನ್ಯ ಲಕ್ಷಣಗಳಾದರೂ ಅಮಿಯೋಡರೋನ್ ತೆಗೆದುಕೊಳ್ಳುವವರಲ್ಲಿ ಇವು ಮಸುಕಾಗಿರಬಹುದು, ಬಡಿತ ಕೆಡುವುದೊಂದೇ ಕಾಣಿಸಬಹುದು. ಇಂಥವರಿಗೆ ವಾರ್ಫರಿನ್ ಇದ್ದರೆ ಐಎನ್‌ಆರ್ ಕೂಡ ಇದ್ದಕ್ಕಿದ್ದಂತೆ ಏರುತ್ತದೆ, ಅದೊಂದು ಸುಳಿವು.

ತದ್ವಿರುದ್ಧವೂ ಆಗುತ್ತದೆ. ಥೈರಾಯ್ಡ್ ಮಂಕಾದರೆ ನಾಡಿ ಇನ್ನೂ ನಿಧಾನ, ಮಲಬದ್ಧತೆ, ಚಳಿ, ಆಲಸ್ಯ. ಆಗ ಥೈರಾಕ್ಸಿನ್ ಕೊಟ್ಟು ಅಮಿಯೋಡರೋನ್ ಮುಂದುವರಿಸಬಹುದು. ಶುರುಮಾಡುವ ಮುಂಚೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕೇ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಇದನ್ನು ಮರೆಯುವಂತಿಲ್ಲ.

## ಇಸಿಜಿ ಕೈಯಲ್ಲಿ ಹಿಡಿದವರ ಪ್ರಶ್ನೆಗಳು

ರಿಪೋರ್ಟಿನಲ್ಲಿ "ಕ್ಯುಟಿಸಿ 480" ಅಂತ ಕೆಂಪಕ್ಷರದಲ್ಲಿ ಬಂದಿದೆ. ಲ್ಯಾಬಿನವರು ಡೇಂಜರ್ ಅಂದ್ರು.

ನಾಡಿಯ ವೇಗಕ್ಕೆ ತಕ್ಕಂತೆ ಸರಿಹೊಂದಿಸಿದ ಕ್ಯುಟಿಗೆ ಕ್ಯುಟಿಸಿ ಎನ್ನುತ್ತಾರೆ. ಗಂಡಸರಲ್ಲಿ ಸುಮಾರು 450, ಹೆಂಗಸರಲ್ಲಿ 460 ಮಿಲಿಸೆಕೆಂಡಿನವರೆಗೆ ಸಹಜ. ಅಮಿಯೋಡರೋನ್ ತೆಗೆದುಕೊಳ್ಳುವವರಲ್ಲಿ ಅದು ಏರುವುದು ಔಷಧಿ ಒಳಗೆ ಸೇರಿದೆ ಎಂಬುದರ ಗುರುತೂ ಹೌದು. 480 ಎಂದ ಕೂಡಲೇ ಯಾರೂ ಮಾತ್ರೆ ನಿಲ್ಲಿಸುವುದಿಲ್ಲ. 500 ದಾಟಿದರೆ ಪೊಟ್ಯಾಸಿಯಂ, ಮೆಗ್ನೀಸಿಯಂ, ಬೇರೆ ಔಷಧಿಗಳು ಎಲ್ಲವನ್ನೂ ಜಾಲಾಡಬೇಕಾಗುತ್ತದೆ. ಯಂತ್ರವೇ ಅಚ್ಚುಹಾಕುವ ಸಂಖ್ಯೆ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಆಗಾಗ ತಪ್ಪಿರುತ್ತದೆ, ವೈದ್ಯರು ಕೈಯಿಂದ ಅಳೆದದ್ದೇ ಪ್ರಮಾಣ. ಮಾತ್ರೆ ಶುರುಮಾಡುವ ಮುಂಚಿನ ಇಸಿಜಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ; ಹೋಲಿಸಲು ಅದಿಲ್ಲದಿದ್ದರೆ ಈಗಿನ ಸಂಖ್ಯೆಯ ಅರ್ಥ ಅರ್ಧವೇ. ಆ ಕಾಗದದ ಅಚ್ಚು ಮಾಸುತ್ತದೆ, ಫೋಟೋ ತೆಗೆದಿಡಿ.

ಕ್ಯುಟಿ ಉದ್ದ ಮಾಡೋ ಬೇರೆ ಔಷಧಿಗಳಲ್ಲಿ ಟಾರ್ಸಾಡ್ಸ್ ಜಾಸ್ತಿ, ಇದರಲ್ಲಿ ಕಡಿಮೆ ಅಂತಾರೆ. ಯಾಕೆ?

ಟಾರ್ಸಾಡ್ಸ್ ಎಂದರೆ ಕೆಳಕೋಣೆಗಳ ಅತಿವೇಗದ ಬಡಿತ. ಇಸಿಜಿ ಗೆರೆ ತನ್ನ ಅಕ್ಷದ ಸುತ್ತ ತಿರುಚಿಕೊಂಡಂತೆ ಕಾಣುತ್ತದೆ. 1966ರಲ್ಲಿ ಫ್ರಾನ್ಸಿನ ವೈದ್ಯ ದೆಸ್ಸೆರ್ತೆನ್ ಇದಕ್ಕೆ ಹೆಸರಿಟ್ಟರು. ಕ್ಯುಟಿ ಉದ್ದವಾಗುವುದಷ್ಟೇ ಇದಕ್ಕೆ ಸಾಲದು. ಹೃದಯದ ಗೋಡೆಯ ಒಂದು ಪದರ ಬೇಗ, ಇನ್ನೊಂದು ತಡವಾಗಿ ಸಜ್ಜಾಗುವ ಅಸಮಾನತೆ ಬೇಕು. ಜೊತೆಗೆ ಕಿಡಿ ಹೊತ್ತಿಸುವ ಅಕಾಲದ ಸಂಕೇತವೊಂದು ಬೇಕು. ಅಮಿಯೋಡರೋನ್ ಪದರಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ನಿಧಾನಿಸುತ್ತದೆ, ಕ್ಯಾಲ್ಸಿಯಂ ಮತ್ತು ಸೋಡಿಯಂ ಹರಿವನ್ನೂ ತಗ್ಗಿಸುವುದರಿಂದ ಆ ಕಿಡಿಯನ್ನೂ ಅಡಗಿಸುತ್ತದೆ.

ಅಮ್ಮನಿಗೆ ಓಡ್ತಿದ್ದ ಬಡಿತ ತಾನಾಗೇ ನಿಂತ ಕ್ಷಣದಲ್ಲೇ ಪ್ರಜ್ಞೆ ಹೋಯ್ತು. ಸರಿಹೋಗೋವಾಗ ಯಾಕೆ ಬೀಳ್ತಾರೆ?

ಮೇಲಿನ ಕೋಣೆಗಳ ಗದ್ದಲ ನಿಂತಾಗ, ಸಹಜ ಬಡಿತ ಹುಟ್ಟಿಸುವ ಸೈನಸ್ ನೋಡ್ ಕೂಡಲೇ ಎದ್ದು ಕೆಲಸ ಹಿಡಿಯಬೇಕು. ವಯಸ್ಸಾದವರಲ್ಲಿ ಅದು ಮೊದಲೇ ಬಳಲಿರುತ್ತದೆ, ಮೇಲೆ ಅಮಿಯೋಡರೋನ್ ಬೇರೆ. ಹಾಗಾಗಿ ನಾಲ್ಕೈದು ಸೆಕೆಂಡು ಬಡಿತವೇ ಇಲ್ಲ, ಮೆದುಳಿಗೆ ರಕ್ತವಿಲ್ಲ. ಇಂಥವರಲ್ಲಿ ವೇಗಕ್ಕೆ ಔಷಧಿ ಕೊಟ್ಟರೆ ನಿಧಾನ ಹೆಚ್ಚುತ್ತದೆ, ಔಷಧಿ ಬಿಟ್ಟರೆ ವೇಗ ಹೆಚ್ಚುತ್ತದೆ. ಪೇಸ್‌ಮೇಕರ್ ಹಾಕಿ ಔಷಧಿ ಮುಂದುವರಿಸುವುದು, ಇಲ್ಲವೇ ಅಬ್ಲೇಷನ್ (ತಪ್ಪು ಸಂಕೇತ ಹುಟ್ಟುವ ಜಾಗವನ್ನು ತಂತಿಯ ಮೂಲಕ ಸುಡುವುದು) ಬಗ್ಗೆ ಯೋಚಿಸುವುದು, ಈ ಎರಡು ದಾರಿಗಳನ್ನು ಹೃದಯದ ವಿದ್ಯುತ್ ತಜ್ಞರೊಂದಿಗೆ ಮಾತಾಡಬೇಕು. ಮೈಮೇಲೆ ಯಂತ್ರ ಕಟ್ಟಿ 24 ಗಂಟೆ ಇಸಿಜಿ ಬರೆಯುವ ಹೋಲ್ಟರ್ ಪರೀಕ್ಷೆಯಲ್ಲಿ ಇದು ಸಿಗದಿದ್ದರೆ ಇನ್ನೂ ಹೆಚ್ಚು ದಿನದ ಮಾನಿಟರ್ ಕೇಳಿ.

ಐಸಿಯುನಲ್ಲಿ ಡ್ರಿಪ್ ಹಾಕಿದ ಅರ್ಧ ಗಂಟೆಗೇ ಬಿಪಿ ಇಳಿದುಹೋಯ್ತು. ಅಲರ್ಜಿನಾ?

ಸಾಮಾನ್ಯವಾಗಿ ಅಲ್ಲ. ರಕ್ತನಾಳಕ್ಕೆ ಕೊಡುವಾಗ ಬಿಪಿ ಇಳಿಯುವುದೇ ಇದರ ಅತಿ ಸಾಮಾನ್ಯ ಅಡ್ಡಪರಿಣಾಮ. ಔಷಧಿಯನ್ನು ಕರಗಿಸಲು ಬಳಸುವ ಪಾಲಿಸಾರ್ಬೇಟ್ 80 ಎಂಬ ದ್ರವಕ್ಕೂ ಇದರಲ್ಲಿ ಪಾಲಿದೆ. ಡ್ರಿಪ್ ವೇಗ ತಗ್ಗಿಸಿದರೆ ಹೆಚ್ಚಾಗಿ ಸುಧಾರಿಸುತ್ತದೆ. 150 ಮಿ.ಗ್ರಾಂ. ಅನ್ನು ಹತ್ತು ನಿಮಿಷ ಹಿಡಿದು ಕೊಡುವುದು, ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹರಿಸುವುದು ಇದಕ್ಕೇ. ಹೃದಯ ನಿಂತೇಹೋದಾಗ 300 ಮಿ.ಗ್ರಾಂ. ಒಮ್ಮೆಗೇ ಕೊಡುತ್ತಾರೆ; ಅಲ್ಲಿ ಲೆಕ್ಕವೇ ಬೇರೆ.

ನನಗೆ ಐಸಿಡಿ ಹಾಕಿದ್ದಾರೆ. ಶಾಕ್ ಕೊಡೋ ಯಂತ್ರವೇ ಇರುವಾಗ ಈ ಮಾತ್ರೆಯಿಂದ ಅಪಾಯ ಇದೆಯಾ?

ಲಾಭವೂ ಇದೆ, ಗಮನಿಸಬೇಕಾದ ಎರಡು ವಿಷಯಗಳೂ ಇವೆ. 2006ರಲ್ಲಿ ಪ್ರಕಟವಾದ ಆಪ್ಟಿಕ್ ಅಧ್ಯಯನದಲ್ಲಿ ಬೀಟಾ ಬ್ಲಾಕರ್ ಜೊತೆ ಅಮಿಯೋಡರೋನ್ ತೆಗೆದುಕೊಂಡವರಿಗೆ ಶಾಕ್‌ಗಳು ಗಣನೀಯವಾಗಿ ಕಡಿಮೆಯಾದವು. ಶಾಕ್ ತಿಂದವರಿಗೆ ಇದರ ಬೆಲೆ ಗೊತ್ತು. ಆದರೆ ಅಮಿಯೋಡರೋನ್ ಅಪಾಯದ ಬಡಿತವನ್ನು ಪೂರಾ ನಿಲ್ಲಿಸದೆ ಬರೀ ನಿಧಾನ ಮಾಡಿಬಿಡಬಹುದು. ಯಂತ್ರವನ್ನು ನಿಮಿಷಕ್ಕೆ 180ರ ಮೇಲೆ ಹೋದರೆ ಎಚ್ಚರಗೊಳ್ಳುವಂತೆ ಹೊಂದಿಸಿದ್ದು, ನಿಮ್ಮ ಬಡಿತ 150ರಲ್ಲಿ ಓಡುತ್ತಿದ್ದರೆ ಯಂತ್ರ ಸುಮ್ಮನೆ ನೋಡುತ್ತ ಕೂರುತ್ತದೆ. ಇನ್ನೊಂದು, ಹೃದಯವನ್ನು ಸರಿದಾರಿಗೆ ತರಲು ಬೇಕಾಗುವ ಶಾಕ್‌ನ ಶಕ್ತಿಯನ್ನು ಈ ಔಷಧಿ ತುಸು ಹೆಚ್ಚಿಸುತ್ತದೆ. ಮಾತ್ರೆ ಶುರುವಾದ ಮೇಲೆ ಯಂತ್ರವನ್ನು ಮತ್ತೆ ಹೊಂದಿಸಬೇಕೇ ಎಂದು ಐಸಿಡಿ ತಪಾಸಣೆಯಲ್ಲಿ ಕೇಳಿ.

ಡಬ್ಲ್ಯೂಪಿಡಬ್ಲ್ಯೂ ಇದ್ದವರಿಗೆ ಇದು ಕೊಡಬಾರದು ಅಂತ ಓದಿದೆ. ನಿಜನಾ?

ಹುಟ್ಟಿನಿಂದಲೇ ಮೇಲಿನ ಕೋಣೆಗೂ ಕೆಳಗಿನದಕ್ಕೂ ನಡುವೆ ಒಂದು ಅಡ್ಡದಾರಿ ಇರುವ ಈ ಸ್ಥಿತಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಶುರುವಾದಾಗ, ರಕ್ತನಾಳದ ಮೂಲಕ ಅಮಿಯೋಡರೋನ್ ಕೊಡಬಾರದೆಂದು ಅಮೆರಿಕದ ಹೃದಯ ಸಂಘಗಳ ಮಾರ್ಗಸೂಚಿ ಹೇಳುತ್ತದೆ. ಸಹಜ ದಾರಿ ನಿಧಾನವಾದರೆ ಎಲ್ಲ ಸಂಕೇತಗಳೂ ಅಡ್ಡದಾರಿಯಲ್ಲಿ ನುಗ್ಗಿ ಕೆಳಕೋಣೆ ಕಂಪಿಸತೊಡಗಬಹುದು. ನಿಮಗೆ ಡಬ್ಲ್ಯೂಪಿಡಬ್ಲ್ಯೂ ಇದೆ ಎಂಬ ಚೀಟಿ ಪರ್ಸಿನಲ್ಲಿರಲಿ.

## ಬೇರೆ ದಾರಿಗಳು, ಮತ್ತು ಹಿಂದಿನ ಕಥೆ

ಇಷ್ಟೆಲ್ಲ ರಗಳೆ ಇದ್ರೆ ಬೇರೆ ಮಾತ್ರೆ ಕೊಡಬಹುದಲ್ವಾ?

ಬೇರೆಯವೂ ಬಡಿತ ಕೆಡಿಸುತ್ತವೆ, ಕೆಲವು ಇನ್ನೂ ಹೆಚ್ಚಾಗಿ. ಈ ವಿಷಯದಲ್ಲಿ ವೈದ್ಯಲೋಕದ ಕಣ್ಣು ತೆರೆಸಿದ್ದು ಕಾಸ್ಟ್ ಎಂಬ ಅಮೆರಿಕದ ಅಧ್ಯಯನ. ಹೃದಯಾಘಾತ ಆದವರಲ್ಲಿ ಕೆಳಕೋಣೆಯ ಹೆಚ್ಚುವರಿ ಬಡಿತಗಳು ಕಂಡರೆ ಸಾವಿನ ಅಪಾಯ ಹೆಚ್ಚು. ಹಾಗಾದರೆ ಆ ಬಡಿತಗಳನ್ನು ಔಷಧಿಯಿಂದ ಅಡಗಿಸಿದರೆ ಜೀವ ಉಳಿಯಬೇಕು. ತರ್ಕ ಎಷ್ಟು ಚೆನ್ನಾಗಿತ್ತೆಂದರೆ ಪರೀಕ್ಷೆಯ ಅಗತ್ಯವೇ ಇಲ್ಲವೆಂದು ಅನೇಕರು ನಂಬಿದ್ದರು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಆ ಬಡಿತಗಳನ್ನು ಸೊಗಸಾಗಿ ಅಡಗಿಸಿದವು. ಆದರೆ ಔಷಧಿ ಪಡೆದ 755 ಜನರಲ್ಲಿ 63 ಮಂದಿ ಸತ್ತರು, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ಪಡೆದ 743ರಲ್ಲಿ 26 ಮಂದಿ. 1989ರಲ್ಲಿ ಅಧ್ಯಯನದ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಇಸಿಜಿ ಚೆಂದವಾಗುವುದು ಬೇರೆ, ರೋಗಿ ಬದುಕುವುದು ಬೇರೆ ಎಂಬುದು ಇಷ್ಟು ಕಠೋರವಾಗಿ ಸಾಬೀತಾದ ಉದಾಹರಣೆಗಳು ವೈದ್ಯಕೀಯದಲ್ಲಿ ಕಡಿಮೆ.

ಫ್ಲೆಕೈನೈಡ್ ಈಗಲೂ ಇದೆ, ಹೃದಯಾಘಾತ ಆಗದ, ಹೃದಯದ ರಚನೆ ಸರಿಯಿರುವವರಿಗೆ ಒಳ್ಳೆಯ ಔಷಧಿ. ಆದರೆ ಅದು ಫಿಬ್ರಿಲೇಷನ್ನನ್ನು ಅದಕ್ಕಿಂತ ನಿಧಾನವಾದ, ಕ್ರಮಬದ್ಧವಾದ ಫ್ಲಟರ್ ಎಂಬ ಲಯವಾಗಿ ಬದಲಿಸಿ, ಪ್ರತಿ ಸಂಕೇತವೂ ಕೆಳಕೋಣೆಗೆ ಇಳಿಯುವಂತೆ ಮಾಡಿಬಿಡಬಹುದು. ಆಗ ನಾಡಿ 200ರ ಹತ್ತಿರ ಹೋಗುತ್ತದೆ. ಅದಕ್ಕೇ ಜೊತೆಗೊಂದು ಬೀಟಾ ಬ್ಲಾಕರ್ ಇರುತ್ತದೆ. ಸೊಟಲಾಲ್‌ನಲ್ಲಿ ಟಾರ್ಸಾಡ್ಸ್ ಅಪಾಯ ಅಮಿಯೋಡರೋನ್‌ಗಿಂತ ಹೆಚ್ಚು, ಮೂತ್ರಪಿಂಡ ದುರ್ಬಲವಿದ್ದರೆ ಇನ್ನೂ ಹೆಚ್ಚು. ಶುರುವಿನ ಮೂರು ದಿನ ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತ ಕೊಡುವುದು ಕ್ರಮ. ಅಯೋಡಿನ್ ಇಲ್ಲದ ಡ್ರೊನೆಡರೋನ್ ಬಂದಾಗ ಬಹಳ ಆಸೆಯಿತ್ತು. ಕಾಯಂ ಫಿಬ್ರಿಲೇಷನ್ ಇರುವವರಲ್ಲಿ ಅದು ಸಾವುಗಳನ್ನು ಹೆಚ್ಚಿಸಿದ್ದು ಕಂಡು 2011ರಲ್ಲಿ ಪಲ್ಲಾಸ್ ಅಧ್ಯಯನವನ್ನು ನಿಲ್ಲಿಸಬೇಕಾಯಿತು.

ಅಮಿಯೋಡರೋನ್ ಈ ಪರೀಕ್ಷೆಗಳಲ್ಲಿ ಹೇಗೆ ಬಂತು? ಹೃದಯಾಘಾತ ಆದವರಲ್ಲಿ 1997ರ ಎಮಿಯಾಟ್, ಕಾಮಿಯಾಟ್, ಹೃದಯ ವೈಫಲ್ಯದವರಲ್ಲಿ 2005ರ ಎಸ್‌ಸಿಡಿ-ಹೆಫ್ಟ್, ಮೂರರಲ್ಲೂ ಒಟ್ಟು ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಗಲೂ ಇಲ್ಲ. ದುರ್ಬಲ ಹೃದಯದವರಿಗೆ ವೈದ್ಯರು ಕೊನೆಗೆ ಇದನ್ನೇ ಹಿಡಿಯುವುದು ಇದೇ ಕಾರಣಕ್ಕೆ. ನನ್ನ ಅಭಿಪ್ರಾಯ ಕೇಳಿದರೆ: ಯುವಕರಿಗೆ, ಹೃದಯ ಗಟ್ಟಿಯಿರುವವರಿಗೆ ಇದನ್ನು ಮೊದಲ ಔಷಧಿಯಾಗಿ ವರ್ಷಗಟ್ಟಲೆ ಬರೆಯುವುದು ಸರಿಯಲ್ಲ, "ಬೇರೆ ಆಯ್ಕೆ ಇದೆಯೇ, ಅಬ್ಲೇಷನ್ ಆಗುತ್ತದೆಯೇ?" ಎಂದು ಅವರು ಕೇಳಲೇಬೇಕು.

ಇದನ್ನ ಮೊದಲು ಎದೆನೋವಿಗೆ ಕೊಡ್ತಿದ್ರಂತೆ?

ಹೌದು. 1961ರಲ್ಲಿ ಬೆಲ್ಜಿಯಂನ ಲಾಬಾಜ್ ಕಂಪನಿಯಲ್ಲಿ ಎದೆಹಿಡಿತದ ಔಷಧಿಯಾಗಿ ಹುಟ್ಟಿತು. ಈಜಿಪ್ಟಿನಲ್ಲಿ ಹಿಂದಿನಿಂದ ಬಳಸುತ್ತಿದ್ದ ಖೆಲ್ಲ ಗಿಡದ ಸತ್ವವಾದ ಖೆಲ್ಲಿನ್ ಇದರ ಮೂಲ ಪ್ರೇರಣೆ. ಆಕ್ಸ್‌ಫರ್ಡಿನಲ್ಲಿ ಬ್ರಮಾ ಸಿಂಗ್ ಮತ್ತು ವಾನ್ ವಿಲಿಯಮ್ಸ್ 1970ರಲ್ಲಿ ಇದು ಬಡಿತದ ಏರುಪೇರನ್ನು ತಡೆಯುತ್ತದೆಂದು ತೋರಿಸಿದರು. ಆ ದಶಕದಲ್ಲಿ ಅರ್ಜೆಂಟೀನಾದ ಮೌರಿಸಿಯೊ ರೋಸೆನ್‌ಬಾಮ್ ರೋಗಿಗಳಲ್ಲಿ ಬಳಸಿ ಜಗತ್ತಿಗೆ ಪರಿಚಯಿಸಿದರು. ಅಮೆರಿಕ ಒಪ್ಪಿದ್ದು 1985ರಲ್ಲಿ.

ಕಣ್ಣಿನ ಪೊರೆ ಆಪರೇಷನ್, ಹರ್ನಿಯಾ ಆಪರೇಷನ್ ಇದ್ರೆ ಮೊದಲೇ ಮಾತ್ರೆ ನಿಲ್ಲಿಸಬೇಕಾ?

ವಾರದ ಮುಂಚೆ ನಿಲ್ಲಿಸಿದರೆ ದೇಹದಿಂದ ಹೋಗುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅರಿವಳಿಕೆ ವೈದ್ಯರಿಗೆ ಮಾತ್ರ ತಿಳಿದಿರಲೇಬೇಕು. ಪೂರ್ಣ ಅರಿವಳಿಕೆಯಲ್ಲಿ ನಾಡಿ ಕುಸಿದಾಗ ಎಂದಿನ ಅಟ್ರೊಪಿನ್ ಚುಚ್ಚುಮದ್ದಿಗೆ ಇವರ ಹೃದಯ ಜಗ್ಗದಿರಬಹುದು. ಪೇಸಿಂಗ್ ವ್ಯವಸ್ಥೆ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ.

ಅಡ್ಡಪರಿಣಾಮ ಆಯ್ತು, ಡಾಕ್ಟ್ರು ನೋಡ್ಕೊಂಡ್ರು. ಇದನ್ನ ಬೇರೆ ಎಲ್ಲಾದ್ರೂ ದಾಖಲು ಮಾಡಬಹುದಾ?

ಮಾಡಬಹುದು, ರೋಗಿಯೇ ಮಾಡಬಹುದು. ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಶುಲ್ಕರಹಿತ ಸಹಾಯವಾಣಿ 1800-180-3024. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಇದನ್ನು ನಡೆಸುತ್ತದೆ. ಅನೇಕ ವೈದ್ಯಕೀಯ ಕಾಲೇಜುಗಳ ಔಷಧಶಾಸ್ತ್ರ ವಿಭಾಗದಲ್ಲಿ ಇದರ ಕೇಂದ್ರಗಳಿವೆ. ಮಾತ್ರೆಯ ಹೆಸರು, ಬ್ಯಾಚ್ ನಂಬರು, ಶುರುಮಾಡಿದ ದಿನ, ಜೊತೆಗೆ ನುಂಗುತ್ತಿದ್ದ ಎಲ್ಲ ಔಷಧಿಗಳ ಪಟ್ಟಿ, ಆ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಸಹಿತ, ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.